ಗುರುವಿಲ್ಲದ ನೇಕಾರರು

ನಮ್ಮ ಗಡಿಭಾಗದ ಮಕ್ಕಳಿಗೆ ದಿನವೂ ನಗೆ ತರಿಸುವ ಒಂದು ಮಾತಿದೆ. ಮರಾಠಿ ಗೆಳೆಯನೊಬ್ಬನು ‘ಭಿಂತೀವರ ಕೋಳೀ ಆಹೇ’ ಎಂದರೆ, ಹೊಸದಾಗಿ ಊರಿಗೆ ಬಂದ ಕನ್ನಡದ ಹುಡುಗನು ಗೋಡೆಯ ಮೇಲೆ ಹುಂಜವನ್ನೋ ಹೇಂಟೆಯನ್ನೋ ಹುಡುಕತೊಡಗುತ್ತಾನೆ. ಅಲ್ಲಿರುವುದು ಎಂಟು ಕಾಲಿನ ಜೇಡ! ಮರಾಠಿಯಲ್ಲಿ ಕೋಳೀ ಎಂದರೆ ಜೇಡವೂ ಹೌದು, ಬಲೆ ಬೀಸಿ ಮೀನು ಹಿಡಿಯುವ ಬೆಸ್ತನೂ ಹೌದು. ಕನ್ನಡದಲ್ಲಿಯೂ ಇಂಥದೇ ಒಂದು ಸೋಜಿಗವಿದೆ. ಜೇಡ ಎಂಬ ಮಾತಿಗೆ ಈ ಪುಟ್ಟ ಜೀವಿಯೆಂಬ ಅರ್ಥವಿರುವಂತೆ ನೇಯುವವನು ಎಂಬ ಅರ್ಥವೂ ಇದೆ. ಆದ್ಯ ವಚನಕಾರರಲ್ಲಿ ಒಬ್ಬರಾದ ದಾಸಿಮಯ್ಯನವರು ಮಗ್ಗದ ಕಾಯಕದವರಾದುದರಿಂದಲೇ ಜೇಡರ ದಾಸಿಮಯ್ಯನೆನಿಸಿದರು. ಒಂದೇ ಪ್ರಾಣಿಯನ್ನು ನೋಡಿ ಮರಾಠಿಗರು ಬೆಸ್ತನನ್ನು ನೆನೆದರು, ಕನ್ನಡಿಗರು ನೇಕಾರನನ್ನು ನೆನೆದರು. ಎರಡೂ ಹೆಸರುಗಳು ಸರಿಯಾದವೇ. ಜೇಡವು ನೇಯುವುದು ಹಿಡಿಯುವುದಕ್ಕಾಗಿಯೇ.

ನೇಯ್ಗೆಯ ಮಾತನ್ನು ಇಚಲಕರಂಜಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರರು ಇಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. ಅಂದಿನಿಂದ ಈ ಊರಿನ ಓಣಿಗಳಲ್ಲಿ ಮಗ್ಗದ ಸದ್ದು ಹಗಲಿರುಳೂ ಕೇಳುತ್ತಲೇ ಇದೆ. ಉದ್ದಕ್ಕೆ ಎಳೆದ ಎಳೆಗಳು ಹಾಸು, ಅವುಗಳ ನಡುವೆ ಅಡ್ಡಲಾಗಿ ಸಾಗುವ ಎಳೆ ಹೊಕ್ಕು, ಹೊಕ್ಕನ್ನು ಹೊತ್ತು ಅತ್ತಿಂದಿತ್ತ ಓಡುವುದು ಲಾಳಿ, ಮರಾಠಿಯ ಧೋಟಾ. ಇಷ್ಟನ್ನು ನಮ್ಮ ಎರಡನೆಯ ಇಯತ್ತೆಯ ಮಕ್ಕಳೂ ಹೇಳಬಲ್ಲರು. ಆದರೆ ಹೇಳುವುದು ಬೇರೆ, ನೇಯುವುದು ಬೇರೆ. ಕಡಿದ ಎಳೆಗೆ ಕಣ್ಣೆವೆ ಇಕ್ಕುವುದರೊಳಗೆ ಗಂಟು ಹಾಕುವ ಕೈಚಳಕವು ಯಾರಿಗೂ ಹುಟ್ಟಿನಿಂದ ಬಂದುದಲ್ಲ. ತಂದೆಯ ಬದಿಯಲ್ಲಿ ನಿಂತು, ಬೈಸಿಕೊಂಡು, ಎಷ್ಟೋ ಎಳೆಗಳನ್ನು ಕೆಡಿಸಿದ ಮೇಲೆಯೇ ಅದು ಕೈಗೂಡುತ್ತದೆ.

ಜೇಡಕ್ಕೆ ಹೀಗೆ ಕಲಿಸುವವರು ಯಾರು? ಮೊಟ್ಟೆಯೊಡೆದು ಬಂದ ಮರಿಗಳು ಕೆಲವು ದಿನ ಗುಂಪಾಗಿದ್ದು, ಆಮೇಲೆ ತೆಳ್ಳನೆಯ ಒಂದೊಂದು ಎಳೆಯನ್ನು ಗಾಳಿಗೆ ತೇಲಿಬಿಟ್ಟು, ಅದರ ಜೊತೆಗೆ ತಾವೂ ತೇಲುತ್ತ ಚದುರಿಹೋಗುತ್ತವೆ. ತೋಟದ ಜೇಡಗಳಲ್ಲಿ ಬಹುಪಾಲು ಮರಿಗಳು ತಾಯಿಯ ಮುಖವನ್ನೇ ಕಂಡಿರುವುದಿಲ್ಲ. ಹಾಗಿದ್ದೂ ಅಂಥ ಮರಿಯು ನೇಯುವ ಮೊದಲನೆಯ ಬಲೆಯೇ ಅದರ ಕುಲದ ಬಲೆಯಾಗಿರುತ್ತದೆ. ಅಳತೆ ಚಿಕ್ಕದು, ಆದರೆ ವಿನ್ಯಾಸ ಅದೇ. ಶಿಕ್ಷಕರ ತರಬೇತಿ ಪಡೆದು, ಕಲಿಸುವುದನ್ನೇ ಬದುಕಾಗಿ ಮಾಡಿಕೊಂಡ ನಮಗೆ ಇದು ಸ್ವಲ್ಪ ಮುಖಭಂಗದ ಸಂಗತಿಯೇ ಸರಿ.

ಮಕ್ಕಳೇ, ಜೇಡವು ಕೀಟವಲ್ಲವೆಂಬುದನ್ನು ಮೊದಲು ನೆನಪಿಡಿರಿ. ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು. ಕೀಟಗಳಲ್ಲಿ ಹೆಚ್ಚಿನವಕ್ಕೆ ರೆಕ್ಕೆಗಳಿವೆ. ಜೇಡಕ್ಕೆ ರೆಕ್ಕೆಯೂ ಇಲ್ಲ, ಕೀಟಗಳಿಗಿರುವಂಥ ಮೀಸೆಯೂ ಇಲ್ಲ.

ಚಕ್ರದಾಕಾರದ ಬಲೆ ಹುಟ್ಟುವ ಬಗೆಯನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಜೇಡವು ಒಂದು ಕೊಂಬೆಯ ಮೇಲೆ ನಿಂತು ಹೊಟ್ಟೆಯ ತುದಿಯಿಂದ ಒಂದು ಎಳೆಯನ್ನು ಗಾಳಿಗೆ ಬಿಡುತ್ತದೆ. ಅದು ತೇಲಿಹೋಗಿ ಎದುರಿನ ಕೊಂಬೆಗೆ ಅಂಟಿಕೊಂಡರೆ ಸೇತುವೆ ಸಿದ್ಧವಾಯಿತು. ಅದನ್ನು ಎಳೆದು ನೋಡಿ, ಬಿಗಿ ಮಾಡಿ, ಅದರ ಮೇಲೆ ನಡೆಯುತ್ತ ಇನ್ನೊಂದು ಎಳೆಯನ್ನು ಹಾಸುತ್ತದೆ. ಸಡಿಲಾಗಿ ಬಿಟ್ಟ ಒಂದು ಎಳೆಯ ನಡುವಿನಿಂದ ಕೆಳಕ್ಕೆ ಇಳಿದಾಗ ಮೂರು ಕವಲಿನ ಒಂದು ಆಕಾರ ಮೂಡುತ್ತದೆ. ಆ ಮೂರು ಕವಲು ಕೂಡುವ ಸ್ಥಳವೇ ಮುಂದೆ ಬಲೆಯ ನಾಭಿ. ಅಲ್ಲಿಂದ ಸುತ್ತಲೂ ಬಂಡಿಯ ಗಾಲಿಯ ಅರಗಳಂತೆ ಇಪ್ಪತ್ತು ಮೂವತ್ತು ಎಳೆಗಳನ್ನು ಎಳೆಯುತ್ತದೆ. ಇದು ಹಾಸು.

ಇನ್ನು ಹೊಕ್ಕು. ಮೊದಲು ನಡುವಿನಿಂದ ಹೊರಗೆ ದೂರ ದೂರವಾಗಿ ಒಂದು ಸುರುಳಿಯನ್ನು ಸುತ್ತುತ್ತದೆ. ಇದಕ್ಕೆ ಅಂಟಿಲ್ಲ. ಮನೆ ಕಟ್ಟುವಾಗ ಗೌಂಡಿಯು ಕಟ್ಟುವ ಸಾರವೆಯಂತೆ ಇದು ಕಾಲೂರಿ ನಡೆಯುವುದಕ್ಕೆ ಮಾತ್ರ. ಆಮೇಲೆ ಅಂಚಿನಿಂದ ಒಳಗೆ ತಿರುಗಿ, ಕಾಲಿನಿಂದ ಅಂತರವನ್ನು ಅಳೆಯುತ್ತ, ಅಂಟಿನ ಎಳೆಯನ್ನು ಒತ್ತೊತ್ತಾಗಿ ಸುತ್ತುತ್ತ ಬರುತ್ತದೆ. ಬರುತ್ತಿರುವಂತೆಯೇ ಹಿಂದಿನ ಸಾರವೆಯನ್ನು ಕತ್ತರಿಸಿ ತೆಗೆದುಬಿಡುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಇದೆಲ್ಲ ನಡೆಯುವುದು ಅನೇಕ ವೇಳೆ ಕತ್ತಲೆಯಲ್ಲಿ. ಬಲೆ ನೇಯುವ ಜೇಡಗಳ ಕಣ್ಣು ಮಂದ. ಅವುಗಳಿಗೆ ಕಾಲಿನ ಸ್ಪರ್ಶವೇ ದೀಪ.

ಎಳೆಗಳಲ್ಲಿಯೂ ಎಷ್ಟು ಬಗೆ! ಅರಗಳ ಎಳೆ ಗಟ್ಟಿಯಾದುದು. ಅದೇ ತೂಕದ ಉಕ್ಕಿನ ತಂತಿಗಿಂತ ಬಲವುಳ್ಳದ್ದು. ಸುರುಳಿಯ ಎಳೆ ಹಿಗ್ಗುವಂಥದು. ಹಾರಿಬಂದ ನೊಣ ಬಡಿದಾಗ ತನ್ನ ಉದ್ದದ ಎರಡು ಮೂರು ಪಟ್ಟು ಹಿಗ್ಗಿ, ನೊಣದ ವೇಗವನ್ನು ನುಂಗಿ, ಅದನ್ನು ಹಿಂದಕ್ಕೆ ಚಿಮ್ಮಿಸದೆ ಹಿಡಿದುಕೊಳ್ಳುತ್ತದೆ. ಬಿಗಿಯಾಗಿ ಕಟ್ಟಿದ ಬಲೆಯಾಗಿದ್ದರೆ ನೊಣವು ಚೆಂಡಿನಂತೆ ಪುಟಿದು ಹೋಗುತ್ತಿತ್ತು. ಬಲೆ ಹಳೆಯದಾಗಿ ಅಂಟು ಕಳೆದುಕೊಂಡರೆ ಜೇಡವು ಅದನ್ನು ಸುತ್ತಿ ತಿಂದುಬಿಡುತ್ತದೆ. ತಿಂದ ನೂಲಿನ ಸತ್ತ್ವದಿಂದಲೇ ಮರುದಿನದ ನೂಲು ತಯಾರಾಗುತ್ತದೆ. ರದ್ದಿ ಸೂತನ್ನು ಕಿಲೋ ಲೆಕ್ಕದಲ್ಲಿ ಮಾರುವ ನಮ್ಮ ಕಾರಖಾನೆಯವರು ಈ ಹಿಸಾಬನ್ನು ಕೇಳಿ ಹೊಟ್ಟೆಕಿಚ್ಚು ಪಟ್ಟಾರು!

1948ರಲ್ಲಿ ಜರ್ಮನಿಯಲ್ಲಿ ಒಂದು ವಿನೋದ ನಡೆಯಿತು. ಪೀಟರ್ಸ್ ಎಂಬ ಪ್ರಾಣಿಶಾಸ್ತ್ರಜ್ಞರು ಜೇಡಗಳು ಬಲೆ ಹೆಣೆಯುವುದನ್ನು ಅಭ್ಯಾಸ ಮಾಡುತ್ತಿದ್ದರು. ಆದರೆ ಅವು ನಸುಕಿನ ನಾಲ್ಕರ ಹೊತ್ತಿಗೆ ಕೆಲಸ ಹಿಡಿಯುತ್ತಿದ್ದುವು. ನಿದ್ದೆಗೆಟ್ಟು ಬೇಸತ್ತ ಅವರು ತಮ್ಮ ಗೆಳೆಯ, ಔಷಧಶಾಸ್ತ್ರಜ್ಞ ಪೀಟರ್ ವಿಟ್‌ರನ್ನು ಕಂಡು, ಹೊತ್ತನ್ನು ಬದಲಿಸುವಂಥ ಮದ್ದು ಏನಾದರೂ ಉಂಟೇ ಎಂದು ಕೇಳಿದರು. ವಿಟ್ ಬಗೆಬಗೆಯ ಮದ್ದುಗಳನ್ನು ಸಕ್ಕರೆಯ ನೀರಿನಲ್ಲಿ ಬೆರೆಸಿ ಕೊಟ್ಟರು. ಜೇಡಗಳು ಹೊತ್ತನ್ನು ಬದಲಿಸಲಿಲ್ಲ, ಬಲೆಯ ರೂಪ ಮಾತ್ರ ಬದಲಾಯಿತು! ಮುಂದಿನ ಪ್ರಯೋಗಗಳಲ್ಲಿ, ನಮ್ಮ ಚಹಾ ಕಾಫಿಗಳಲ್ಲಿರುವ ಕೆಫೀನು ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಗೆ ಹೋದ ಜೇಡವು ಸುರುಳಿಯ ಲೆಕ್ಕವನ್ನೇ ತಪ್ಪಿ, ಸಿಕ್ಕುಸಿಕ್ಕಾದ ನಾಲ್ಕು ಎಳೆ ಎಳೆದು ಬಿಟ್ಟಿತು. ನೇಯುವ ವಿದ್ಯೆಯು ಅದರ ಪುಟ್ಟ ಮಿದುಳಿನಲ್ಲಿ ಬರೆದಿಟ್ಟುದು, ಮಿದುಳು ಕದಡಿದರೆ ಬಲೆಯೂ ಕದಡುತ್ತದೆ ಎಂಬುದು ಇದರಿಂದ ತಿಳಿದುಬಂತು.

ಹಾಗಾದರೆ ಜೇಡವು ಬರೆದಿಟ್ಟುದನ್ನು ಒಪ್ಪಿಸುವ ಗಿಳಿಪಾಠದ ವಿದ್ಯಾರ್ಥಿಯೇ? ಈ ಪ್ರಶ್ನೆಗೆ ಉತ್ತರ ದೊರೆಯುವಂತೆ ಮಾಡಿದವಳು ನಿಮ್ಮಂಥ ಒಬ್ಬ ಶಾಲೆಯ ಹುಡುಗಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೆಕ್ಸಿಂಗ್ಟನ್ ಊರಿನ ವಿದ್ಯಾರ್ಥಿನಿ ಜೂಡಿತ್ ಮೈಲ್ಸ್, ‘ತೂಕವೇ ಇಲ್ಲದ ಅಂತರಿಕ್ಷದಲ್ಲಿ ಜೇಡ ಬಲೆ ಹೆಣೆಯಬಲ್ಲುದೇ?’ ಎಂದು ಕೇಳಿದಳು. ಎಳೆ ಹಿಡಿದು ಕೆಳಗಿಳಿಯುವ ಜೇಡಕ್ಕೆ ಮೇಲು ಕೆಳಗು ಎಂಬುದೇ ಇಲ್ಲವಾದರೆ ಏನು ಗತಿ? ಪ್ರಶ್ನೆ ಎಷ್ಟು ಸರಳ, ಎಷ್ಟು ಮೊನಚು ನೋಡಿರಿ. 1973ರ ಜುಲೈ ತಿಂಗಳ ಕೊನೆಗೆ ಹೊರಟ ಯಾತ್ರಿಕರೊಡನೆ ಅರಬೆಲ್ಲಾ ಮತ್ತು ಅನೀಟಾ ಎಂಬ ಎರಡು ತೋಟದ ಜೇಡಗಳು ಸ್ಕೈಲ್ಯಾಬ್ ಎಂಬ ಅಂತರಿಕ್ಷ ನಿಲ್ದಾಣವನ್ನು ಸೇರಿದುವು. ಪೆಟ್ಟಿಗೆಗೆ ಬಿಟ್ಟಾಗ ಅರಬೆಲ್ಲಾ ಈಜುವವಳಂತೆ ಕಾಲಾಡಿಸಿದಳು. ಮೊದಲ ಬಲೆ ಮೂಲೆಯಲ್ಲಿ ಅಡ್ಡಾದಿಡ್ಡಿಯಾಗಿತ್ತು. ಆದರೆ ಕೆಲವೇ ದಿನಗಳಲ್ಲಿ ಭೂಮಿಯ ಮೇಲಿನದಕ್ಕೆ ಬಹುಮಟ್ಟಿಗೆ ಹೋಲುವ ಬಲೆಯನ್ನು ಅವಳು ನೇಯ್ದಳು. ಎಳೆ ಮಾತ್ರ ತುಸು ತೆಳುವಾಗಿತ್ತು. ಕೋಟ್ಯಂತರ ವರ್ಷಗಳಲ್ಲಿ ಅವಳ ಕುಲದವರಾರೂ ಕಾಣದಿದ್ದ ಪರಿಸ್ಥಿತಿಗೆ ಅವಳು ಹೊಂದಿಕೊಂಡಿದ್ದಳು. ಎರಡು ಜೇಡಗಳೂ ಮನೆಗೆ ಮರಳಿ ಬರಲಿಲ್ಲ, ಯಾತ್ರೆ ಮುಗಿಯುವುದರೊಳಗೆ ಸತ್ತುಹೋದುವು. 2011ರಲ್ಲಿ ಇನ್ನೂ ಎರಡು ಜೇಡಗಳನ್ನು ಅಂತರಿಕ್ಷಕ್ಕೆ ಒಯ್ದು ಸಾವಿರಾರು ಚಿತ್ರಗಳನ್ನು ತೆಗೆದರು. ಭಾರದ ಸೆಳೆತವಿಲ್ಲದಾಗ ಅವು ದೀಪವಿದ್ದ ಕಡೆಯನ್ನೇ ‘ಮೇಲು’ ಎಂದು ಹಿಡಿದುಕೊಳ್ಳುತ್ತವೆಂಬುದು ಆ ಚಿತ್ರಗಳಿಂದ ತಿಳಿಯಿತು.

ಮಗ್ಗದ ಮಾತು ಬಂದುದರಿಂದ ಲಾಳಿಯ ಕಥೆಯನ್ನೂ ಹೇಳಿಬಿಡೋಣ. ಆಜರೆಯ ಮೇಲೆ ಹಾಯ್ದು ಆಂಬೋಲಿಯ ಘಾಟು ಇಳಿದು ಕೊಂಕಣಕ್ಕೆ ಹೋದರೆ, ಮಾವು ಹಲಸಿನ ಮರಗಳಲ್ಲಿ ಎಲೆಗಳನ್ನು ಕೂಡಿಸಿ ಚೆಂಡಿನಂತೆ ಹೊಲಿದ ಗೂಡುಗಳು ಕಾಣುತ್ತವೆ. ಅವು ಕೆಂಜಿಗಗಳ ಮನೆ. ಮಲೆನಾಡಿನವರು ಇವನ್ನು ಚಿಗಳಿ ಎನ್ನುತ್ತಾರೆ. ಒಂದು ಎಲೆಯ ಅಂಚನ್ನು ಕಾಲಿನಿಂದ ಹಿಡಿದು ಇನ್ನೊಂದರ ಅಂಚನ್ನು ದವಡೆಯಿಂದ ಕಚ್ಚಿ ಎಳೆಯುತ್ತವೆ. ಎಲೆ ದೂರವಿದ್ದರೆ ಒಂದರ ಸೊಂಟವನ್ನು ಇನ್ನೊಂದು ಹಿಡಿದು ಸರಪಳಿಯಾಗುತ್ತವೆ. ಅಂಚುಗಳು ಕೂಡಿದುವು, ಆದರೆ ಹೊಲಿಯಲು ದಾರವೆಲ್ಲಿ? ಬೆಳೆದ ಇರುವೆಗೆ ರೇಷ್ಮೆಯ ನೂಲಿಲ್ಲ. ಅದು ಇರುವುದು ಅವುಗಳ ಮರಿಹುಳುಗಳಲ್ಲಿ. ಆದುದರಿಂದ ಕೆಲಸಗಾರ ಇರುವೆಗಳು ಗೂಡಿನಿಂದ ಮರಿಹುಳುಗಳನ್ನು ದವಡೆಯಲ್ಲಿ ಮೆಲ್ಲನೆ ಎತ್ತಿ ತಂದು, ಅವುಗಳ ಬಾಯಿಯನ್ನು ಈ ಎಲೆಗೊಮ್ಮೆ ಆ ಎಲೆಗೊಮ್ಮೆ ಮುಟ್ಟಿಸುತ್ತವೆ. ಮರಿಹುಳು ನೂಲು ಬಿಡುತ್ತದೆ, ಎಲೆಗಳು ಹೊಲಿದುಕೊಳ್ಳುತ್ತವೆ. ನಮ್ಮಲ್ಲಿ ಲಾಳಿಯಿಲ್ಲದ ಮಗ್ಗಗಳು ಬಂದು ಎಷ್ಟೋ ವರ್ಷಗಳಾದುವು. ಅವುಗಳಲ್ಲಿ ಜೀವಂತ ಲಾಳಿ ಇಂದಿಗೂ ಓಡುತ್ತಿದೆ! ತನ್ನ ಗೂಡಿಗಾಗಿ ಇಟ್ಟುಕೊಳ್ಳಬೇಕಾದ ರೇಷ್ಮೆಯನ್ನೆಲ್ಲ ಮನೆಗೆ ಕೊಟ್ಟುಬಿಟ್ಟ ಆ ಮರಿಹುಳು ಬೇರೆ ಎಷ್ಟೋ ಇರುವೆಗಳ ಮರಿಯಂತೆ ತನಗೆಂದು ಕೋಶವನ್ನು ಕಟ್ಟಿಕೊಳ್ಳುವುದಿಲ್ಲ.

ಈಗ ನಮ್ಮ ಗೋಡೆಗೇ ಬರೋಣ. ಶಾಲೆಯ ಕಿಟಕಿಯ ಮೂಲೆಯಲ್ಲಿ, ದೇವರ ಫೋಟೋದ ಹಿಂದೆ, ಅಟ್ಟದ ತೊಲೆಯಲ್ಲಿ ಮಣ್ಣಿನ ಪುಟ್ಟ ಗಡಿಗೆಯನ್ನು ನೀವೆಲ್ಲ ಕಂಡಿದ್ದೀರಿ. ಕುಂಬಾರ ಹುಳ, ಮರಾಠಿಯ ಕುಂಭಾರೀಣ, ಅದನ್ನು ಕಟ್ಟುತ್ತದೆ. ಈ ಹುಳದ ವಿಷಯವಾಗಿ ನಮ್ಮ ಹಿರಿಯರಲ್ಲಿ ಒಂದು ನಂಬಿಕೆ ಬಹುಕಾಲದಿಂದ ನಡೆದುಬಂದಿದೆ. ಭೃಂಗವು ಒಂದು ಕೀಟವನ್ನು ತಂದು ಗೂಡಿನಲ್ಲಿಟ್ಟು, ಸುತ್ತಲೂ ಗುಂಯ್‌ಗುಟ್ಟುತ್ತಿದ್ದರೆ, ಆ ಕೀಟವು ಅದನ್ನೇ ಧ್ಯಾನಿಸುತ್ತ ಧ್ಯಾನಿಸುತ್ತ ತಾನೂ ಭೃಂಗವಾಗಿಬಿಡುತ್ತದೆಂದು. ಭ್ರಮರಕೀಟನ್ಯಾಯವೆಂದು ಪುರಾಣ ಹೇಳುವವರು ಇಂದಿಗೂ ಇದನ್ನು ಎತ್ತಿಹೇಳುತ್ತಾರೆ. ಗುರುವನ್ನು ಧ್ಯಾನಿಸಿದ ಶಿಷ್ಯನು ಗುರುವೇ ಆಗುತ್ತಾನೆಂಬ ಭಾವಕ್ಕೆ ಅದು ಸುಂದರವಾದ ಹೋಲಿಕೆ. ಹೋಲಿಕೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಡಿಗೆಯೊಳಗೆ ನಡೆಯುವುದು ಬೇರೆ.

ತಾಯಿ ಹುಳವು ಒದ್ದೆಮಣ್ಣಿನ ಉಂಡೆಗಳನ್ನು ಒಂದೊಂದಾಗಿ ತಂದು ಗಡಿಗೆಯನ್ನು ಮುಗಿಸುತ್ತದೆ. ಅದರ ಒಳಮಾಳಿಗೆಗೆ ಒಂದು ಸಣ್ಣ ಎಳೆಯಿಂದ ತನ್ನ ಮೊಟ್ಟೆಯನ್ನು ತೊಟ್ಟಿಲಿನಂತೆ ತೂಗುಬಿಡುತ್ತದೆ. ಬಳಿಕ ಎಲೆ ತಿನ್ನುವ ಹಸಿರು ಹುಳುಗಳನ್ನು ಹಿಡಿದು, ಕುಟುಕಿ, ಗಡಿಗೆಯಲ್ಲಿ ತುಂಬುತ್ತದೆ. ಆ ಕುಟುಕಿನಿಂದ ಹುಳು ಸಾಯುವುದಿಲ್ಲ, ಅಲುಗಾಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸತ್ತರೆ ಕೊಳೆಯುತ್ತಿತ್ತು, ಓಡಾಡುವಂತಿದ್ದರೆ ಮೊಟ್ಟೆಯನ್ನು ಜಜ್ಜುತ್ತಿತ್ತು. ಬಾಯಿ ಮುಚ್ಚಿ ತಾಯಿ ಹೊರಟುಹೋಗುತ್ತದೆ. ಮೊಟ್ಟೆಯಿಂದ ಬಂದ ಮರಿ ಆ ತಾಜಾ ಬುತ್ತಿಯನ್ನು ತಿಂದು ಬೆಳೆದು, ರೆಕ್ಕೆ ಮೂಡಿದ ಮೇಲೆ ಗಡಿಗೆಯನ್ನು ಕೊರೆದು ಹೊರಬರುತ್ತದೆ. ಒಳಗೆ ಹೋದುದು ಹಸಿರು ಹುಳು, ಹೊರಬಂದುದು ಭೃಂಗ. ನಡುವೆ ನಡೆದುದನ್ನು ಯಾರೂ ನೋಡಲಿಲ್ಲ, ಆದುದರಿಂದ ಕಥೆ ಹುಟ್ಟಿತು. ಇದೇ ಬಳಗದ ಇನ್ನೊಂದು ಕಣಜವು ಹಸಿರು ಹುಳುವಿಗೆ ಬದಲಾಗಿ ಜೇಡಗಳನ್ನೇ ತಂದು ತುಂಬುತ್ತದೆ. ನೇಕಾರನ ಮೇಲೆ ಕುಂಬಾರನ ದಾಳಿ! ಮರಿ ಹೊರಬಿದ್ದ ಹಳೆಯ ಗಡಿಗೆಯನ್ನು ಒಡೆದು ನೋಡಿದರೆ ಒಣಗಿದ ಚೂರುಗಳು ಕೆಲವೊಮ್ಮೆ ಸಿಗುತ್ತವೆ. ತುಂಬಿದ ಗಡಿಗೆಯನ್ನು ಮಾತ್ರ ದಯವಿಟ್ಟು ಒಡೆಯಬೇಡಿರಿ. ಹೊಲದಲ್ಲಿ ಎಲೆ ಕೊರೆಯುವ ಹುಳುಗಳನ್ನು ಕೂಲಿಯಿಲ್ಲದೆ ಆರಿಸುವ ಆಳು ಅದು, ನಾವು ಹೊಡೆಯುವ ಔಷಧಕ್ಕೆ ಮೊದಲು ಬಲಿಯಾಗುವುದೂ ಬಹುಶಃ ಅದೇ.

ಇಷ್ಟು ನಾಜೂಕಿನ ವೈದ್ಯವನ್ನು ಬಲ್ಲ ಕಣಜವು ಯೋಚನೆ ಮಾಡಿ ಇದನ್ನು ಮಾಡುತ್ತದೆಯೇ? ಫ್ರಾನ್ಸಿನ ಝಾಂ ಆನ್ರಿ ಫಾಬ್ರ್ (1823–1915) ಎಂಬುವರು ಇದನ್ನು ಪರೀಕ್ಷಿಸಿದರು. ಅವರೂ ಬಡ ಶಾಲಾಮಾಸ್ತರರೆಂಬುದು ನಮಗೆ ಹೆಮ್ಮೆಯ ವಿಷಯ. ಮಿಡತೆಯ ಬಂಧುವಾದ ಚಿಮ್ಮಂಡೆಯನ್ನು ಬೇಟೆಯಾಡುವ ಒಂದು ಕಣಜವು ಅದನ್ನು ಬಿಲದ ಬಾಯಿಗೆ ತಂದಿಟ್ಟು, ಒಳಗೆ ಹೋಗಿ ಒಮ್ಮೆ ಪರೀಕ್ಷಿಸಿ, ಬಂದು ಬೇಟೆಯನ್ನು ಒಳಗೆಳೆದುಕೊಳ್ಳುವುದು ವಾಡಿಕೆ. ಅದು ಒಳಗೆ ಹೋದಾಗ ಫಾಬ್ರ್ ಚಿಮ್ಮಂಡೆಯನ್ನು ಸ್ವಲ್ಪ ದೂರ ಸರಿಸಿದರು. ಹೊರಬಂದ ಕಣಜವು ಅದನ್ನು ಹುಡುಕಿ ಮತ್ತೆ ಬಾಯಿಗೆ ತಂದಿತು, ಮತ್ತೆ ಒಳಗೆ ಹೋಗಿ ಪರೀಕ್ಷಿಸಿತು. ಫಾಬ್ರ್ ಮತ್ತೆ ಸರಿಸಿದರು. ಹೀಗೆ ನಲವತ್ತು ಸಲ! ಸ್ವಲ್ಪ ಮುಂಚೆ ತಾನೆ ನೋಡಿ ಬಂದ ಬಿಲವನ್ನು ನೋಡುವುದು ಬೇಡವೆಂದು ಅದಕ್ಕೆ ಒಮ್ಮೆಯೂ ತೋಚಲಿಲ್ಲ. ಇಲ್ಲಿಗೇ ನಿಲ್ಲಿಸಿ ‘ಕೀಟವು ಬರಿಯ ಯಂತ್ರ’ ಎಂದು ತೀರ್ಮಾನ ಕೊಡುವವರು ಬಹಳ ಮಂದಿ ಇದ್ದಾರೆ. ಅವರು ಫಾಬ್ರರ ಮುಂದಿನ ಮಾತನ್ನು ಓದಿರುವುದಿಲ್ಲ. ಅದೇ ಜಾತಿಯ ಕಣಜಗಳ ಇನ್ನೊಂದು ನೆಲೆಯಲ್ಲಿ ಈ ಆಟ ಎರಡು ಮೂರು ಸಲ ಮಾತ್ರ ನಡೆಯಿತು. ಆಮೇಲೆ ಅವು ಪರೀಕ್ಷೆಯನ್ನು ಬಿಟ್ಟು ಬೇಟೆಯನ್ನು ನೇರವಾಗಿ ಒಳಗೆಳೆದುಕೊಂಡುವು. ತರಗತಿಯ ಒಂದು ಬೆಂಚು ನೋಡಿ ಇಡೀ ಶಾಲೆಗೆ ಅಂಕ ಕೊಡಲಾಗದು ಎಂಬುದನ್ನು ಯಾವ ಶಿಕ್ಷಕನಾದರೂ ಬಲ್ಲ.

ಕರ್ನಾಟಕದ ಒಂದು ಹೊಸ ಸಂಗತಿಯನ್ನು ಇದರ ಮುಂದೆ ಇಡುತ್ತೇವೆ. ಗಿಡಗಳ ಮೇಲೆ ಬದುಕುವ ತೆಳುಹಸಿರು ಬಣ್ಣದ ಒಂದು ಬಗೆಯ ಚಿಮ್ಮಂಡೆಯಿದೆ. ಸಂಜೆಯಾದರೆ ಗಂಡು ತನ್ನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಹಾಡಿ ಹೆಣ್ಣನ್ನು ಕರೆಯುತ್ತದೆ. ಧ್ವನಿ ದೊಡ್ಡದಾದಷ್ಟೂ ಕರೆಗೆ ಬೆಲೆ. ಸಣ್ಣ ಮೈಯ, ಮೆಲುದನಿಯ ಗಂಡುಗಳು ಏನು ಮಾಡಬೇಕು? ಅವು ಎಲೆಯ ನಡುವೆ ತಮ್ಮ ರೆಕ್ಕೆಗೆ ತಕ್ಕಷ್ಟು ಒಂದು ತೂತನ್ನು ಕಡಿದು, ಅದರಲ್ಲಿ ತಲೆ ತೂರಿಸಿ, ರೆಕ್ಕೆಗಳನ್ನು ಎಲೆಗೆ ಸಮನಾಗಿ ಹರಡಿ ಹಾಡುತ್ತವೆ. ಬರಿಯ ರೆಕ್ಕೆ ಅಲುಗಿದಾಗ ಮುಂದಿನ ದನಿಯ ಅಲೆಯೂ ಹಿಂದಿನದೂ ಅಂಚಿನಲ್ಲಿ ಕಲೆತು ಒಂದನ್ನೊಂದು ಅಳಿಸಿಹಾಕುತ್ತವೆ. ನಡುವೆ ಎಲೆಯ ಗೋಡೆ ಬಂದರೆ ಆ ನಷ್ಟ ತಪ್ಪುತ್ತದೆ. ಜಾತ್ರೆಯಲ್ಲಿ ಧ್ವನಿವರ್ಧಕದವರು ಸ್ಪೀಕರನ್ನು ಮರದ ಪೆಟ್ಟಿಗೆಯಲ್ಲಿ ಕೂಡಿಸುವುದಕ್ಕೂ ಇದೂ ಒಂದು ಕಾರಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ಜೊತೆಗಾರರು ಇದನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಪೊದೆಗಳಲ್ಲಿ ರಾತ್ರಿ ಕುಳಿತು ಅಭ್ಯಾಸ ಮಾಡಿ 2020ರಲ್ಲಿ ಪ್ರಕಟಿಸಿದರು. ಮೆಲುದನಿಯವು ಈ ಉಪಾಯದಿಂದ ದೊಡ್ಡ ಗಂಟಲಿನವುಗಳಿಗೆ ಸರಿಜೋಡಿಯಾಗುತ್ತವೆ, ಹೆಣ್ಣು ಮೋಸಹೋಗುತ್ತದೆ. ಇವುಗಳ ಮೇಲೆಯೇ 2017ರಲ್ಲಿ ಪ್ರಕಟವಾದ ಇನ್ನೊಂದು ಅಭ್ಯಾಸವು ಮತ್ತೂ ಸೋಜಿಗದ್ದು. ಚಿಕ್ಕ ಎಲೆ ದೊಡ್ಡ ಎಲೆಗಳೆರಡನ್ನೂ ಮುಂದಿಟ್ಟರೆ ಅವು ದೊಡ್ಡದನ್ನೇ ಆರಿಸಿದುವು, ಮೊದಲನೆಯ ಪ್ರಯತ್ನದಲ್ಲಿಯೇ ತಕ್ಕ ಅಳತೆಯ ತೂತನ್ನು ತಕ್ಕ ಸ್ಥಳದಲ್ಲಿ ಕಡಿದುವು. ಇಲ್ಲಿಯೂ ಗುರುವಿಲ್ಲ.

ಇದನ್ನೆಲ್ಲ ಓದಿ, ‘ಹಾಗಾದರೆ ಗುರುವಿನ ಅವಶ್ಯಕತೆಯೇ ಇಲ್ಲ ಗುರುಗಳೇ’ ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬರುವುದನ್ನು ನಾವು ಬಲ್ಲೆವು. ಸ್ವಲ್ಪ ತಾಳಿರಿ. ಜೇನುಹುಳುವಿದೆ.

ಹೂವಿನ ತಾಣವನ್ನು ಕಂಡುಬಂದ ಜೇನುಹುಳು ಗೂಡಿನಲ್ಲಿ ಎಂಟರ ಅಂಕೆಯಂತೆ ಸುತ್ತುತ್ತ ಕುಣಿಯುತ್ತದೆ. ನಡುಗೆರೆಯಲ್ಲಿ ಬೆನ್ನು ಅಲುಗಿಸುತ್ತ ಓಡುವ ದಿಕ್ಕು ಸೂರ್ಯನಿಗೆ ಸಂಬಂಧಿಸಿದಂತೆ ಹೂವಿನ ದಿಕ್ಕನ್ನು ತಿಳಿಸುತ್ತದೆ. ಹಾಗೆ ಓಡುವ ಹೊತ್ತು ದೂರವನ್ನು ತಿಳಿಸುತ್ತದೆ. ಈ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ರಿಗೆ 1973ರಲ್ಲಿ ನೊಬೆಲ್ ಬಹುಮಾನ ಬಂತು. ಅರಬೆಲ್ಲಾ ಅಂತರಿಕ್ಷಕ್ಕೆ ಹೋದ ವರ್ಷವೇ. ಕುಣಿತವು ಪೂರ್ತಿಯಾಗಿ ಹುಟ್ಟುಗುಣವೆಂದೇ ಬಹುಕಾಲ ತಿಳಿದಿದ್ದರು. ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತಿದ್ದಿತು. ಅವರು ಕೆಲವು ಗೂಡುಗಳಲ್ಲಿ ಒಂದೇ ವಯಸ್ಸಿನ ಎಳೆಯ ಹುಳುಗಳನ್ನು ಮಾತ್ರ ಬೆಳೆಸಿದರು. ಅನುಭವಸ್ಥರ ಕುಣಿತವನ್ನು ಅವು ಒಮ್ಮೆಯೂ ಕಂಡಿರಲಿಲ್ಲ. ಹೊತ್ತು ಬಂದಾಗ ಅವೂ ಕುಣಿದುವು, ಆದರೆ ತಪ್ಪುತಪ್ಪಾಗಿ. ದಿನಗಳು ಕಳೆದಂತೆ ದಿಕ್ಕಿನ ತಪ್ಪುಗಳು ಬಹಳಷ್ಟು ಕಡಿಮೆಯಾದುವು. ದೂರವನ್ನು ತಿಳಿಸುವಲ್ಲಿಯ ತಪ್ಪು ಮಾತ್ರ ಬದುಕಿರುವವರೆಗೂ ಹಾಗೆಯೇ ಉಳಿಯಿತು. ಹಿರಿಯರ ಹಿಂದೆ ಹಿಂದೆ ಸುತ್ತಿ, ಅವರ ಕುಣಿತವನ್ನು ಮೀಸೆಯಿಂದ ಮುಟ್ಟಿ ಮುಟ್ಟಿ ತಿಳಿದುಕೊಂಡ ಹುಳುಗಳು ಮೊದಲಿನಿಂದಲೇ ಸರಿಯಾಗಿ ಕುಣಿದುವು.

ತುಡುವೆ ಜೇನು ಪೊಟರೆಯ ಕತ್ತಲೆಯಲ್ಲಿ ಕುಣಿಯುವುದರಿಂದ ನಮಗೆ ಕಾಣುವುದಿಲ್ಲ. ಹೆಜ್ಜೇನು ಹಾಗಲ್ಲ. ನೀರಿನ ಎತ್ತರದ ಟಾಕಿಗಳ ಕೆಳಗೆ, ದೊಡ್ಡ ಕಟ್ಟಡಗಳ ಸೂರಿನಲ್ಲಿ ಬಯಲಿಗೇ ತಟ್ಟಿ ಕಟ್ಟಿ, ಹಗಲಿನ ಬೆಳಕಿನಲ್ಲಿ ತಟ್ಟಿಯ ಮೇಲೆಯೇ ಕುಣಿಯುತ್ತದೆ. ಅದು ಸಿಟ್ಟಿನ ಹುಳು, ಕಲ್ಲೆಸೆದರೆ ಊರನ್ನೇ ಅಟ್ಟಿಸುತ್ತದೆ. ಮನೆಯಲ್ಲಿ ದುರ್ಬೀನು ಇದ್ದವರು ದೂರದ ಮಾಳಿಗೆಯ ಮೇಲೆ ನಿಂತು, ತಟ್ಟಿಯ ಕೆಳತುದಿಯಲ್ಲಿ ಹುಳುಗಳು ಬಂದಿಳಿದು ಏರುವ ಕಡೆಗೆ ಕಣ್ಣಿಡಬೇಕು. ಬೆಳಗಿನ ಬಿಸಿಲು ಏರುವ ಹೊತ್ತು ಇದಕ್ಕೆ ಒಳ್ಳೆಯದು.